ಸಮುದ್ರ ನೋಡಬೇಕೇ? ಟಿವಿ ಹಾಕಿಕೊಳ್ಳಿ

ಮೊದಲೆಲ್ಲ ಯಾರಾದರೂ ಪ್ರವಾಸ ಮುಗಿಸಿ ಬಂದರೆ ಊಟ ಹೇಗಿತ್ತು ಎಂದು ಕೇಳುತ್ತಿದ್ದೆವು. ಈಗ ಕ್ರೂಸಿಗೆ, ಅಂದರೆ ಹಡಗಿನ ವಿಹಾರಕ್ಕೆ, ಹೋಗಿಬಂದವರಿಗೆ ಪ್ರಶ್ನೆ ಒಂದೇ: ‘ಬಾಲ್ಕನಿನಾ, ಇನ್‌ಸೈಡಾ?’ ಇನ್‌ಸೈಡ್ (ಕಿಟಕಿಯೇ ಇಲ್ಲದ ಒಳಗಿನ ಕ್ಯಾಬಿನ್) ಅಂದರೆ ಮುಗಿಯಿತು. ಕೇಳಿದವರ ಮುಖದಲ್ಲಿ ಕನಿಕರ ಉಕ್ಕುತ್ತದೆ. ‘ಅಯ್ಯೋ ಪರ್ವಾಗಿಲ್ಲ ಬಿಡಿ, ರೂಮಲ್ಲಿ ಯಾರಿರ್ತಾರೆ, ಮಲಗೋಕೆ ತಾನೇ’ ಎಂಬ ಸಮಾಧಾನ ಬೇರೆ. ಸಾವಿನ ಮನೆಯಲ್ಲೂ ಇಷ್ಟು ಮೆತ್ತಗೆ ಮಾತಾಡುವ ಜನ ಅಲ್ಲ ಇವರು.

ಡಿಸೆಂಬರ್ ಹತ್ತಿರ ಬಂದರೆ ಈ ಕಾಟ ಜಾಸ್ತಿ. ಪೇಪರ್ ಬಿಡಿಸಿದರೆ ಅರ್ಧ ಪುಟ ಹಡಗು. ಫೋನ್ ತೆಗೆದರೆ ‘ಕ್ರೂಸ್ ಬುಕ್ ಮಾಡುವ ಮುನ್ನ ಈ ವಿಡಿಯೊ ತಪ್ಪದೇ ನೋಡಿ’. ಅದರಲ್ಲೊಬ್ಬ ಹುಡುಗ ಡೆಕ್ ಪ್ಲಾನ್, ಅಂದರೆ ಹಡಗಿನ ಅಂತಸ್ತುಗಳ ನಕ್ಷೆ, ಮುಂದಿಟ್ಟುಕೊಂಡು ಪಾಠ ಮಾಡುತ್ತಾನೆ. ಮೇಲೆ ನೈಟ್‌ಕ್ಲಬ್ ಇದ್ದರೆ ಆ ಕ್ಯಾಬಿನ್ ಬೇಡ. ಕೆಳಗೆ ಥಿಯೇಟರ್ ಇದ್ದರೆ ಬೇಡ. ಮುಂಭಾಗ ಬೇಡ, ಹೊಟ್ಟೆ ತೊಳಸುತ್ತದೆ, ಬೆಳಗಿನ ಜಾವ ಲಂಗರಿನ ಸರಪಳಿ ಗಡಗಡ ಅನ್ನುತ್ತದೆ. ಹಿಂಭಾಗವೂ ಬೇಡ, ಎಂಜಿನ್ನಿನ ನಡುಕ. ನಡುವೆ, ಕೆಳಗಿನ ಡೆಕ್ಕಿನಲ್ಲಿ ತೂಗಾಟ ಕಡಿಮೆ, ಆದರೆ ಅಲ್ಲಿ ಬಾಲ್ಕನಿ ಇರುವುದಿಲ್ಲ. ಹುಡುಗ ಹೇಳುವುದೆಲ್ಲ ನಿಜವೇ. ಆದರೆ ಬಿ ಖಾತಾ ಸೈಟಿಗೆ ಕಣ್ಣು ಮುಚ್ಚಿಕೊಂಡು ಅಡ್ವಾನ್ಸ್ ಕೊಟ್ಟ ಮಂದಿ ಮೂರು ರಾತ್ರಿಯ ಕ್ಯಾಬಿನ್ನಿಗೆ ನಕ್ಷೆಯನ್ನು ಹಿಗ್ಗಿಸಿ ಹಿಗ್ಗಿಸಿ ನೋಡುವುದು ಕಂಡರೆ ನಗು ಬರುತ್ತದೆ.

ಆ ಪಾಠದಲ್ಲಿ ಒಂದೇ ಕೊರತೆ. ವಾಸ್ತು ಬಿಟ್ಟುಹೋಗಿದೆ. ಇದು ಸಣ್ಣ ವಿಷಯವಲ್ಲ. ಹಡಗು ದಿಕ್ಕು ಬದಲಿಸಿದ ಹಾಗೆ ಈಶಾನ್ಯವೂ ಓಡಾಡುತ್ತದೆ. ಬೆಳಿಗ್ಗೆ ವಾಯವ್ಯದಲ್ಲಿ ತೆಪ್ಪಗಿದ್ದ ಟಾಯ್ಲೆಟ್ಟು ಮಧ್ಯಾಹ್ನ ನೇರ ಈಶಾನ್ಯಕ್ಕೆ ಬಂದು ಕೂರಬಹುದು. ಮುಂಬೈನಿಂದ ಗೋವಾಕ್ಕೆ ಹೋಗುವಾಗ ಹಡಗಿನ ಮುಂಭಾಗದ ಕಡೆ ತಲೆ ಹಾಕಿ ಮಲಗಿದರೆ ತಲೆ ದಕ್ಷಿಣಕ್ಕೆ. ಶುಭ. ವಾಪಸ್ ಬರುವಾಗ ಅದೇ ಹಾಸಿಗೆ, ಅದೇ ದಿಂಬು, ತಲೆ ಉತ್ತರಕ್ಕೆ! ಹೀಗಾಗಿ ಶಾಸ್ತ್ರ ನಂಬುವವರು ಹೋಗುವ ಟಿಕೆಟ್ ಮಾತ್ರ ಕೊಂಡು, ಬರುವಾಗ ಸ್ಲೀಪರ್ ಬಸ್ ಹಿಡಿಯುವುದು ಒಳ್ಳೆಯದು. ಬಸ್ಸೂ ಉತ್ತರಕ್ಕೇ ಬರುತ್ತದೆ ಎಂದು ಯಾರೋ ಹೇಳಿದರು. ಹೌದಲ್ಲ. ಹಾಗಾದರೆ ಗೋವಾದಲ್ಲೇ ಇದ್ದುಬಿಡಿ.

ಇರಲಿ. ನಮ್ಮ ಹಿರಿಯರಿಗೆ ಸಮುದ್ರ ದಾಟಿದರೆ ಜಾತಿ ಹೋಗುತ್ತಿತ್ತು. ವಾಪಸ್ ಬಂದು ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಿತ್ತು. ಈಗ ಕಾಲ ಬದಲಾಗಿದೆ. ಸಮುದ್ರಕ್ಕೆ ಹೋದರೇನೇ ಜಾತಿ ಸಿಗುವುದು. ಇನ್‌ಸೈಡ್, ಓಷನ್‌ವ್ಯೂ, ಬಾಲ್ಕನಿ, ಸೂಟ್. ಎಣಿಸಿ ನೋಡಿ, ಸರಿಯಾಗಿ ನಾಲ್ಕು. ಹಡಗಿನ ಕಂಪನಿಗಳು ಫ್ಲಾರಿಡಾದಲ್ಲಿ ಕೂತು ಮನುವನ್ನು ಓದಿರಲಿಕ್ಕಿಲ್ಲ. ಆದರೂ ಲೆಕ್ಕ ತಪ್ಪಿಲ್ಲ. ಒಂದೊಂದರಲ್ಲೂ ಒಳಪಂಗಡಗಳಿವೆ. ಓಷನ್‌ವ್ಯೂನಲ್ಲೇ ಪೂರ್ತಿ ಕಿಟಕಿಯವರು, ಗುಂಡು ಕಿಟಕಿಯವರು, ಕಿಟಕಿ ಇದ್ದೂ ಅಡ್ಡ ಏನೋ ಬಂದಿರುವವರು. ಈ ಕೊನೆಯವರ ಕಿಟಕಿಯಿಂದ ಸಮುದ್ರ ಕಾಣುವುದಿಲ್ಲ, ನೇತುಹಾಕಿದ ಕಿತ್ತಳೆ ಬಣ್ಣದ ಲೈಫ್‌ಬೋಟಿನ ಹೊಟ್ಟೆ ಕಾಣುತ್ತದೆ. ಅದಕ್ಕೇ ರೇಟು ಕಡಿಮೆಯಂತೆ. ನನ್ನನ್ನು ಕೇಳಿದರೆ ಅದಕ್ಕೇ ಜಾಸ್ತಿ ತೆಗೆದುಕೊಳ್ಳಬೇಕು. ನೀರು ನುಗ್ಗಿದ ದಿನ ಬಾಲ್ಕನಿಯವನಿಗೆ ಕಾಣುವುದು ಸಮುದ್ರ, ಇವನಿಗೆ ಕಾಣುವುದು ದೋಣಿ.

ಎಲ್ಲಕ್ಕಿಂತ ಕೆಳಗಿನವರು ಇನ್‌ಸೈಡಿನವರು. ಸಿಂಗಾಪುರ ಪ್ಯಾಕೇಜಿನಲ್ಲಿ ಹೋಗುವ ನಮ್ಮವರಿಗೆ ಸಾಮಾನ್ಯವಾಗಿ ಇದೇ ಗತಿ. ಗಂಡ, ಹೆಂಡತಿ, ಎರಡು ಮಕ್ಕಳು, ನಾಲ್ಕು ಸೂಟ್‌ಕೇಸು, ಒಂದು ಡಬ್ಬಿ ಚಕ್ಕುಲಿ. ರಾತ್ರಿಯಾದರೆ ಚಾವಣಿಯಿಂದ ಎರಡು ಬರ್ತ್ ಕೆಳಗಿಳಿಯುತ್ತವೆ. ಆಮೇಲೆ ಒಬ್ಬರು ಎದ್ದರೆ ಇನ್ನೊಬ್ಬರು ಮಲಗಬೇಕು. ಸ್ನಾನಕ್ಕೆ ನಿಂತರೆ ಒದ್ದೆ ಪರದೆ ಮೆಲ್ಲಗೆ ಬಂದು ಬೆನ್ನಿಗೆ ಅಂಟುತ್ತದೆ. ಲೈಟ್ ಆರಿಸಿದರೆ ಬೆಳಗಿನ ಹನ್ನೊಂದಕ್ಕೂ ರಾತ್ರಿ ಮೂರಕ್ಕೂ ವ್ಯತ್ಯಾಸವಿಲ್ಲ. ಇದಕ್ಕೆ ಅನುಭವಸ್ಥರು ಒಂದು ಉಪಾಯ ಹೇಳುತ್ತಾರೆ. ಹಡಗಿನ ಟಿವಿಯಲ್ಲಿ ಒಂದು ಚಾನೆಲ್ ಇರುತ್ತದೆ. ಹಡಗಿನ ಮುಂದಿರುವ ಕ್ಯಾಮೆರಾ ತೋರಿಸುವ ಸಮುದ್ರ, ದಿನವಿಡೀ. ಅದನ್ನು ಹಾಕಿ, ಸೌಂಡ್ ಆಫ್ ಮಾಡಿ ಮಲಗಿಬಿಡಿ. ಟಿವಿ ಬೆಳಗಾದರೆ ಬೆಳಗಾಯಿತು.

ಇದನ್ನು ಬಡವರ ಉಪಾಯ ಎಂದು ನಗಬೇಡಿ. ಕಂಪನಿಗಳು ಇದನ್ನೇ ದುಡ್ಡಾಗಿಸಿವೆ. 2011ರಲ್ಲಿ ಬಂದ ಡಿಸ್ನಿ ಡ್ರೀಮ್ ಹಡಗಿನ ಇನ್‌ಸೈಡ್ ರೂಮುಗಳಲ್ಲಿ ಗೋಡೆಗೆ ಗುಂಡನೆಯ ನಕಲಿ ಕಿಟಕಿ ಕೂರಿಸಿದರು. ಅದರಲ್ಲಿ ಹೊರಗಿನ ಕ್ಯಾಮೆರಾದ ಸಮುದ್ರ, ನಡುನಡುವೆ ಕಾರ್ಟೂನ್ ಪಾತ್ರಗಳು ಹಾದುಹೋಗುತ್ತವೆ. ಮಕ್ಕಳಿಗೆ ಅದು ಅದೆಷ್ಟು ಇಷ್ಟವಾಯಿತೆಂದರೆ ನಿಜವಾದ ಕಿಟಕಿಯ ರೂಮು ಕೊಟ್ಟರೂ ಇದೇ ಬೇಕು ಎಂದು ಹಟ ಹಿಡಿದರಂತೆ. ಹಿಡಿಯದೇ ಇನ್ನೇನು? ನಿಜವಾದ ಸಮುದ್ರದಲ್ಲಿ ಕಾರ್ಟೂನ್ ಬರುವುದಿಲ್ಲವಲ್ಲ. 2014ರ ಹೊತ್ತಿಗೆ ರಾಯಲ್ ಕೆರಿಬಿಯನ್ನಿನವರು ‘ವರ್ಚುವಲ್ ಬಾಲ್ಕನಿ’ ತಂದರು. ನೆಲದಿಂದ ಚಾವಣಿಯವರೆಗೆ ಪರದೆ, ಅದರಲ್ಲಿ ಹೊರಗಿನ ಸಮುದ್ರದ ಲೈವ್, ಅಲೆಯ ಸದ್ದು ಕೂಡ, ಮುಂದೆ ಕಟಕಟೆಯ ಚಿತ್ರ. ಯೋಚಿಸಿ ನೋಡಿ. ಸಮುದ್ರದ ನಟ್ಟನಡುವೆ ಇದ್ದೀರಿ. ಸುತ್ತ ನೂರಾರು ಮೈಲಿ ನೀರು ಬಿಟ್ಟರೆ ಬೇರೇನೂ ಇಲ್ಲ. ಅಂಥ ಕಡೆ ಒಂದು ಗೋಡೆ ಎಬ್ಬಿಸಿ, ಗೋಡೆಯ ಆಚೆ ಇರುವುದನ್ನೇ ಟಿವಿಯಲ್ಲಿ ತೋರಿಸಿ, ಅದಕ್ಕೆ ಮಾಮೂಲಿ ಇನ್‌ಸೈಡಿಗಿಂತ ಹೆಚ್ಚಿನ ದರ. ನಮ್ಮ ರಿಯಲ್ ಎಸ್ಟೇಟಿನವರು ‘ಲೇಕ್ ವ್ಯೂ’ ಅಂತ ಬೋರ್ಡ್ ಹಾಕಿ ಕೆರೆಯನ್ನೇ ಮುಚ್ಚಿದ್ದುಂಟು. ಆದರೆ ಮುಚ್ಚಿದ ಕೆರೆಯ ವಿಡಿಯೊ ಹಾಕಿ ಬಾಡಿಗೆ ಎತ್ತುವುದು ಅವರಿಗೂ ಹೊಳೆದಿರಲಿಲ್ಲ.

ಇನ್ನೊಂದು ತರಹದ ಬಾಲ್ಕನಿಯೂ ಇದೆ. 2009ರ ಒಯಾಸಿಸ್ ಆಫ್ ದಿ ಸೀಸ್ ಹಡಗಿನ ಹೊಟ್ಟೆಯೊಳಗೆ ಸೆಂಟ್ರಲ್ ಪಾರ್ಕ್ ಅಂತ ನಿಜವಾದ ಗಿಡಮರಗಳ ತೋಟ ಮಾಡಿದ್ದಾರೆ. ಕೆಲವು ಬಾಲ್ಕನಿಗಳು ಆ ತೋಟದ ಕಡೆ ತೆರೆದುಕೊಳ್ಳುತ್ತವೆ. ಲಾಲ್‌ಬಾಗ್ ಪಕ್ಕದ ಮನೆ ಬಿಟ್ಟು, ವಿಮಾನ ಹತ್ತಿ, ವೀಸಾ ಮಾಡಿಸಿ, ಹಡಗು ಏರಿ, ಬಾಲ್ಕನಿಯಲ್ಲಿ ನಿಂತು ಗಿಡ ನೋಡುವುದು. ಎದುರು ಬಾಲ್ಕನಿಯಲ್ಲಿ ಯಾರೋ ಬನಿಯನ್ ಒಣಹಾಕಿರುತ್ತಾರೆ. ಮನೆಯ ನೆನಪು ಬರಲಿ ಎಂದೇ ಮಾಡಿದ್ದಾರೆ, ಅಲ್ವಾ?

ಒಂಟಿಯಾಗಿ ಹೋಗುವವರ ಕಥೆ ಬೇರೆಯೇ. ರೇಟು ಬರೆದಿರುವುದು ತಲೆಗೆ ಇಷ್ಟು, ಒಂದು ಕ್ಯಾಬಿನ್ನಿಗೆ ಇಬ್ಬರು ಎಂದು. ಒಬ್ಬರೇ ಹೋದರೆ ಎಷ್ಟೋ ಸಲ ಇಬ್ಬರದ್ದೂ ಕಟ್ಟಬೇಕು. ಮದುವೆಯಾಗದವನು ಇಲ್ಲದ ಹೆಂಡತಿಯ ಟಿಕೆಟ್ ಕೊಳ್ಳುತ್ತಾನೆ. ಅವಳು ಊಟಕ್ಕೂ ಬರುವುದಿಲ್ಲ. ಕಡಿಮೆ ರೇಟಿನಲ್ಲಿ ಬುಕ್ ಮಾಡಿದರೆ ಕ್ಯಾಬಿನ್ ನಂಬರನ್ನು ಕಂಪನಿಯೇ ಆಮೇಲೆ ಕೊಡುತ್ತದೆ. ಯಾರಿಗೆ ಎಲ್ಲಿ, ಯಾಕೆ ಎಂಬುದು ನಮ್ಮ ನಗರಾಭಿವೃದ್ಧಿ ಪ್ರಾಧಿಕಾರಗಳೂ ತಲೆಬಾಗಬೇಕಾದ ಹಂಚಿಕೆ.

ಮೇಲ್ಜಾತಿಯ ವೈಭವಕ್ಕೆ ಬರೋಣ. 2024ರ ಜನವರಿಯಲ್ಲಿ ಹೊರಟ ಐಕಾನ್ ಆಫ್ ದಿ ಸೀಸ್‌ನಲ್ಲಿ ಮೂರು ಅಂತಸ್ತಿನ ಒಂದು ‘ಟೌನ್‌ಹೌಸ್’ ಇದೆ. ಕ್ಯಾಬಿನ್ ಅಂದರೆ ಕ್ಯಾಬಿನ್ನೇ, ಆದರೆ ಒಳಗೆ ಜಾರುಬಂಡಿ. ಹೊರಗೆ ಬಿಳಿ ಬೇಲಿ, ಬಾಗಿಲಲ್ಲಿ ಅಂಚೆ ಡಬ್ಬಿ. ಸಮುದ್ರದ ನಡುವೆ ಅಂಚೆ ಡಬ್ಬಿ! ವಾರಕ್ಕೆ ಹತ್ತಾರು ಸಾವಿರ ಡಾಲರ್ ಕೊಟ್ಟು ಅಲ್ಲಿರುವವರಿಗೆ ಕಾಗದ ಬರೆಯುವವರು ಯಾರು? ಬಂದರೆ ಬ್ಯಾಂಕಿನವರದ್ದೇ ಬರಬೇಕು.

ಬೇರೆ ಕೆಲವು ಹಡಗುಗಳಲ್ಲಿ ಸೂಟಿನವರಿಗೆ ಹಡಗಿನೊಳಗೇ ಇನ್ನೊಂದು ಹಡಗು. ಬೇರೆ ಈಜುಕೊಳ, ಬೇರೆ ಹೋಟೆಲು, ಕಾರ್ಡ್ ತೋರಿಸಿದರೆ ಮಾತ್ರ ತೆರೆಯುವ ಬಾಗಿಲು. ಕ್ಯೂನಾರ್ಡ್ ಕಂಪನಿ ಇನ್ನೂ ಸಂಪ್ರದಾಯಸ್ಥ. ನೀವು ಯಾವ ಊಟದ ಮನೆಯಲ್ಲಿ ಕೂರಬೇಕು ಎಂಬುದನ್ನು ನಿಮ್ಮ ಕ್ಯಾಬಿನ್ ತೀರ್ಮಾನಿಸುತ್ತದೆ. ದೊಡ್ಡ ಸೂಟಿನವರು ಕ್ವೀನ್ಸ್ ಗ್ರಿಲ್‌ಗೆ, ಸ್ವಲ್ಪ ಸಣ್ಣವರು ಪ್ರಿನ್ಸೆಸ್ ಗ್ರಿಲ್‌ಗೆ, ಉಳಿದ ಜನ ಬ್ರಿಟಾನಿಯಾ ಹಾಲಿಗೆ. ಇದಕ್ಕೆ ನಮ್ಮಲ್ಲಿ ಪಂಕ್ತಿಭೇದ ಅನ್ನುತ್ತಾರೆ. ಅದರ ವಿರುದ್ಧ ಧರಣಿ ಆಗಿದೆ, ಸಂಪಾದಕೀಯ ಬಂದಿದೆ. ಅಂಥ ಸಂಪಾದಕೀಯ ಓದಿ ‘ಛೆ, ಯಾವ ಶತಮಾನದಲ್ಲಿದ್ದೇವೆ’ ಎಂದು ನಿಟ್ಟುಸಿರಿಟ್ಟವರೇ ಹಡಗಿನಲ್ಲಿ ಮೇಲಿನ ಪಂಕ್ತಿ ಸಿಗಲಿ ಎಂದು ಅಪ್‌ಗ್ರೇಡಿಗೆ ಬಿಡ್ ಹಾಕುತ್ತಾರೆ. ಹೌದು, ಅದಕ್ಕೆ ಹರಾಜೂ ಇದೆ.

ಅದೇ ಕಂಪನಿಯ ಕ್ವೀನ್ ಮೇರಿ 2 ಹಡಗು ಸೌತಾಂಪ್ಟನ್ನಿನಿಂದ ನ್ಯೂಯಾರ್ಕಿಗೆ ನಾಯಿಗಳನ್ನೂ ಕರೆದೊಯ್ಯುತ್ತದೆ. 12ನೇ ಡೆಕ್ಕಿನಲ್ಲಿ, ಗಾಳಿ ಬೆಳಕು ಇರುವ ಕಡೆ, ಅವುಗಳ ವಸತಿ. ನೋಡಿಕೊಳ್ಳಲು ಆಳು. ಅಡ್ಡಾಡಲು ಜಾಗ. ಕಾಲೆತ್ತಲು ಬ್ರಿಟಿಷ್ ನಾಯಿಗೆ ಲಿವರ್‌ಪೂಲಿನ ದೀಪದ ಕಂಬ, ಅಮೆರಿಕದ ನಾಯಿಗೆ ಅಲ್ಲಿನ ಬೀದಿಯ ಫೈರ್ ಹೈಡ್ರಂಟ್. ಪಾಸ್‌ಪೋರ್ಟ್ ನೋಡಿ ಕಂಬ ಕೊಡುವ ಈ ಸೌಜನ್ಯಕ್ಕೆ ನಾನು ಮನಸಾರೆ ಕೈಮುಗಿಯುತ್ತೇನೆ. ಅಲ್ಲಿ ಜಾಗ ಬೇಕೆಂದರೆ ತಿಂಗಳುಗಟ್ಟಲೆ ಮುಂಚೆ ಬುಕ್ ಮಾಡಬೇಕಂತೆ.

ಚಳಿಗಾಲದಲ್ಲಿ ನಮ್ಮ ನವಮಂಗಳೂರು ಬಂದರಿಗೂ ವಿದೇಶಿ ಕ್ರೂಸ್ ಹಡಗುಗಳು ಬರುತ್ತವೆ. ಮರುದಿನ ಪೇಪರಿನಲ್ಲಿ ಫೋಟೊ ಖಾಯಂ. ಚೆಂಡೆ, ಯಕ್ಷಗಾನದ ವೇಷ, ಹಾರ, ಹಾರದ ಮೇಲೆ ಹಾರ. ಇಳಿದವರನ್ನು ಬಸ್ಸಿನಲ್ಲಿ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿ ದೇವಸ್ಥಾನ, ಗೋಡಂಬಿ ಕಾರ್ಖಾನೆ ಎಂದು ಸುತ್ತಿಸಿ ಸಂಜೆಯೊಳಗೆ ವಾಪಸ್ ಹತ್ತಿಸುತ್ತಾರೆ. ಆ ಫೋಟೊದಲ್ಲಿ ಬರದವರು ಒಬ್ಬರಿದ್ದಾರೆ. ಕರಾವಳಿಯಲ್ಲಿ ‘ಮಗ ಏನು ಮಾಡ್ತಿದ್ದಾನೆ’ ಎಂದು ಕೇಳಿದರೆ ‘ಶಿಪ್ಪಿನಲ್ಲಿದ್ದಾನೆ’ ಎಂಬ ಉತ್ತರ ಬಹಳ ಮನೆಗಳಲ್ಲಿ ಸಿಗುತ್ತದೆ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ ಹುಡುಗರು. ನಿಮ್ಮ ಕ್ಯಾಬಿನ್ ಗುಡಿಸುವವರು ಅವರೇ. ನೀವು ರಾತ್ರಿ ಊಟ ಮುಗಿಸಿ ಬರುವಷ್ಟರಲ್ಲಿ ಹಾಸಿಗೆಯ ಮೇಲೆ ಟವೆಲ್ಲಿನ ಆನೆ ಕೂತಿರುತ್ತದಲ್ಲ, ಅದು ಅವರ ಕೈಕೆಲಸ. ಒಂದು ಟವೆಲ್ಲನ್ನು ಎರಡೂ ಕಡೆಯಿಂದ ಸುರುಳಿ ಸುತ್ತಿ ಮಡಚಿದರೆ ನಾಲ್ಕು ಕಾಲು, ಇನ್ನೊಂದರಲ್ಲಿ ತಲೆ, ಕಿವಿ, ಸೊಂಡಿಲು. ಮೇಜಿನ ಮೇಲೆ ಬಿಟ್ಟುಹೋದ ನಿಮ್ಮ ಕೂಲಿಂಗ್ ಗ್ಲಾಸ್ ಅದರ ಮೂಗಿನ ಮೇಲೆ. ಫೋಟೊ ತೆಗೆದು ಗ್ರೂಪಿಗೆ ಹಾಕುತ್ತೀರಿ. ‘ಸೋ ಕ್ಯೂಟ್’.

ಆ ಹುಡುಗ ಎಲ್ಲಿ ಮಲಗುತ್ತಾನೆ ಎಂದು ಯಾವ ವಿಡಿಯೊದ ಹುಡುಗನೂ ಹೇಳುವುದಿಲ್ಲ. ಹಡಗು ಕೆಲಸಗಾರರಿಗೆ 2006ರ ಒಂದು ಅಂತಾರಾಷ್ಟ್ರೀಯ ಒಪ್ಪಂದವಿದೆ. ಭಾರತವೂ 2015ರಲ್ಲಿ ಒಪ್ಪಿದೆ. ಅದರ ಪ್ರಕಾರ ಸರಕು ಹಡಗಿನಲ್ಲಿ ಕೆಲಸಗಾರರ ಮಲಗುವ ಕೋಣೆ ಸಾಮಾನ್ಯವಾಗಿ, ತುಂಬಿದ ಹಡಗು ನೀರಿನಲ್ಲಿ ಎಲ್ಲಿಯವರೆಗೆ ಮುಳುಗಬಹುದೆಂಬ ಗುರುತಾದ ಲೋಡ್ ಲೈನ್‌ಗಿಂತ ಮೇಲಿರಬೇಕು, ಒಬ್ಬರಿಗೊಂದು ಕೋಣೆ. ಅದಿರು, ಕಲ್ಲಿದ್ದಲು ಸಾಗಿಸುವವನಿಗೆ ಇಷ್ಟಾದರೂ ಉಂಟು. ಪ್ರಯಾಣಿಕರ ಹಡಗಾದರೆ ವಿನಾಯಿತಿ. ಅಲ್ಲಿ ಲೋಡ್ ಲೈನ್‌ಗಿಂತ ಕೆಳಗೆ ಮಲಗಿಸಲು ಅನುಮತಿ ಕೊಡಬಹುದು. ಇಬ್ಬರಿಗೆ ಸೇರಿ 7.5 ಚದರ ಮೀಟರ್ ಇದ್ದರೆ ಸಾಕು. ಅಂದರೆ ಸುಮಾರು 80 ಚದರಡಿ, ಮೇಲೊಬ್ಬ ಕೆಳಗೊಬ್ಬ, ಮಂಚಕ್ಕೊಂದು ಪರದೆ. ದಿನಕ್ಕೆ 10 ಗಂಟೆ ವಿಶ್ರಾಂತಿ ಕೊಡಬೇಕು, ಅದನ್ನೂ ಎರಡು ಕಂತಿನಲ್ಲಿ ಕೊಡಬಹುದು. ಮೇಲಿನ ಡೆಕ್ಕುಗಳ ಬಾಲ್ಕನಿ ಮಾರಿ ಉಳಿದ ಜಾಗ ಇದು. ನಾಲ್ಕು ವರ್ಣಗಳ ಲೆಕ್ಕದೊಳಗೇ ಬಾರದವರು. ನಾಯಿ 12ನೇ ಡೆಕ್ಕಿನಲ್ಲಿ.

ಕ್ಯಾಬಿನ್ ಎಷ್ಟು ಮುಖ್ಯ ಎಂದು ಕೇಳುವವರು 2020ರ ಫೆಬ್ರವರಿಯನ್ನು ನೆನಪಿಸಿಕೊಳ್ಳಲಿ. ಕೊರೊನಾ ಕಾರಣಕ್ಕೆ ಜಪಾನಿನ ಯೊಕೊಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗನ್ನು ನಿಲ್ಲಿಸಿ 3,711 ಜನರನ್ನು ಒಳಗೇ ಇರಿಸಿದರು. ಬಾಲ್ಕನಿಯವರಿಗೆ ಗಾಳಿ ಇತ್ತು. ಇನ್‌ಸೈಡಿನವರಿಗೆ ಬೆಳಕೂ ಇರಲಿಲ್ಲ, ಆಗೊಮ್ಮೆ ಈಗೊಮ್ಮೆ ಡೆಕ್ಕಿಗೆ ಬಿಟ್ಟರೆ ಉಂಟು. ಜಗತ್ತಿನ ಟಿವಿಗಳೆಲ್ಲ ಅವರ ಪಾಡು ತೋರಿಸಿದವು, ತೋರಿಸಬೇಕಾದ್ದೇ. ಆದರೆ ಪ್ರತಿ ಬಾಗಿಲಿಗೂ ಮೂರು ಹೊತ್ತು ತಟ್ಟೆ ತಂದಿಟ್ಟವರು ಯಾರು? ಕೆಳಗಿನ ಕೋಣೆಗಳನ್ನು ಹಂಚಿಕೊಂಡು, ಒಂದೇ ಮೆಸ್ಸಿನಲ್ಲಿ ಉಂಡು, ಕೆಲಸ ನಿಲ್ಲಿಸದೆ ಇದ್ದ ಸಿಬ್ಬಂದಿ. ಅವರಲ್ಲಿ ಭಾರತದವರೇ 132. ಪ್ರಯಾಣಿಕರಿಗೆ ಕ್ವಾರಂಟೀನ್, ಇವರಿಗೆ ಡ್ಯೂಟಿ. ಹಡಗಿನಲ್ಲಿ 700ಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿತು. ಇದರಲ್ಲಿ ತಮಾಷೆ ಮಾಡುವಂಥದ್ದು ನನಗೇನೂ ಕಾಣುತ್ತಿಲ್ಲ.

ಹಡಗುಗಳು ಮತ್ತೆ ತುಂಬಿವೆ. ದೊಡ್ಡವಾಗಿವೆ. ಕ್ಯಾಬಿನ್ ಕುರಿತ ಚರ್ಚೆ ಮುಂದುವರಿದಿದೆ. ಎಷ್ಟೋ ಹಡಗುಗಳಲ್ಲಿ ಸಿಬ್ಬಂದಿಯ ಟಿಪ್ಸನ್ನು ದಿನಕ್ಕಿಷ್ಟು ಎಂದು ಬಿಲ್ಲಿಗೇ ಸೇರಿಸುತ್ತಾರೆ. ಬೇಡವೆಂದರೆ ಕೌಂಟರಿನಲ್ಲಿ ಹೇಳಿ ತೆಗೆಸಬಹುದು. ಇಳಿಯುವ ಹಿಂದಿನ ಸಂಜೆ ಆ ಕೌಂಟರಿನ ಮುಂದೆ ಕ್ಯೂ. ಹೇಗೆ ತೆಗೆಸುವುದು ಎಂಬುದಕ್ಕೂ ವಿಡಿಯೊ ಇದೆ, ಅದಕ್ಕೂ ಲೈಕು. ಯಾಕ್ರೀ ಅಂದರೆ ಸಿಗುವ ಉತ್ತರ ಇದು: ‘ಬಾಲ್ಕನಿಗೇ ಅಷ್ಟೊಂದು ಕೊಟ್ಟಿದೀವಲ್ಲ ಸಾರ್, ಇನ್ನೂ ಎಷ್ಟು ಅಂತ ಕೊಡೋದು?’