ಆಫ್ ಮಾಡೋಕೆ ಸ್ಟಾರ್ಟ್ ಒತ್ತಿ, ಎಷ್ಟು ಸುಲಭ ನೋಡಿ!

ಯಾವ ಕಂಪ್ಯೂಟರ್ ಬಳಸೋಕೆ ಸುಲಭ ಅನ್ನುವ ಜಗಳ ಇನ್ನೂ ಮುಗಿದಿಲ್ಲ. ಮುಗಿಯಲೂಬಾರದು. ಮುಗಿದರೆ ವಿಂಡೋಸ್, ಮ್ಯಾಕ್, ಲಿನಕ್ಸ್ ಈ ಮೂರೂ ಮಠಗಳ ಭಕ್ತರಿಗೆ ಭಾನುವಾರ ಕಳೆಯುವುದೇ ಕಷ್ಟ.

ಮೊದಲು ವಿಂಡೋಸ್. 1995ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ‘ಸ್ಟಾರ್ಟ್’ ಬಟನ್ ಕೊಟ್ಟಿತು. ಪರದೆಯ ಕೆಳಗೆ, ಎಡಮೂಲೆಯಲ್ಲಿ. ಕಂಪ್ಯೂಟರ್ ಆಫ್ ಮಾಡಬೇಕಾ? ಸ್ಟಾರ್ಟ್ ಒತ್ತಿ. ಜನ ಕಮಕ್ ಕಿಮಕ್ ಅನ್ನದೆ ಒತ್ತಿದರು. ಹದಿನೇಳು ವರ್ಷ ಕೈ ಅಲ್ಲಿಗೇ ಹೋಗಿ ಹೋಗಿ ಪಳಗಿತು. ಜನ ಸುಖವಾಗಿದ್ದಾರೆ ಅಂತ ಯಾರೋ ಚಾಡಿ ಹೇಳಿರಬೇಕು. 2012ರಲ್ಲಿ ವಿಂಡೋಸ್ 8 ಬಂತು, ಬಟನ್ ಮಾಯ. ಬದಲಿಗೆ ಪರದೆ ತುಂಬಾ ಬಣ್ಣಬಣ್ಣದ ಚೌಕಗಳು, ಬೆರಳಲ್ಲಿ ಮುಟ್ಟೋಕೆ. ಮನೆಯಲ್ಲಿದ್ದ ಹಳೇ ಮಾನಿಟರ್ ಮುಟ್ಟಿದರೆ ಬರೀ ಧೂಳು ಅಂಟುತ್ತಿತ್ತು, ಅದು ಬೇರೆ ಮಾತು. ಆಫ್ ಮಾಡೋಕೆ ಮೌಸನ್ನು ಬಲಮೂಲೆಗೆ ಒಯ್ಯಬೇಕು, ಪಕ್ಕದಿಂದ ಒಂದು ಪಟ್ಟಿ ಇಣುಕುತ್ತದೆ, ಅದರಲ್ಲಿ ಸೆಟ್ಟಿಂಗ್ಸ್, ಆಮೇಲೆ ಪವರ್. ಆ ಪಟ್ಟಿಗೆ ಇಟ್ಟ ಹೆಸರು ‘ಚಾರ್ಮ್ಸ್’! ಮರುವರ್ಷ 8.1ರಲ್ಲಿ ಬಟನ್ ವಾಪಸ್ ಬಂತು. ಒತ್ತಿದರೆ ಮತ್ತೆ ಅವೇ ಚೌಕಗಳು. ಹಳೆಯ ಥರದ ಮೆನು ಬರಲು 2015ರ ವಿಂಡೋಸ್ 10 ತನಕ ಕಾಯಬೇಕಾಯಿತು. 2021ರ ವಿಂಡೋಸ್ 11ರಲ್ಲಿ ಬಟನ್ ಎಡಮೂಲೆ ಬಿಟ್ಟು ನಡುವಿಗೆ ಬಂದು ಕೂತಿತು. 26 ವರ್ಷದ ಸಂಶೋಧನೆಯ ಫಲ: ಅರ್ಧ ಅಡಿ, ಬಲಕ್ಕೆ.

ಮ್ಯಾಕ್ ಭಕ್ತರು ಇದನ್ನು ಕೇಳಿ ಮುಸಿಮುಸಿ ನಗುತ್ತಾರೆ. ಅವರದು ‘ನೋಡಿದರೇ ಗೊತ್ತಾಗುತ್ತೆ’ ಪಂಥ. ಹಳೆಯ ಮ್ಯಾಕ್‌ನಲ್ಲಿ ಫ್ಲಾಪಿ ಹೊರತೆಗೆಯಲು ಅದನ್ನು ಕಸದ ಬುಟ್ಟಿಗೆ ಎಳೆಯಬೇಕಿತ್ತು. ನೋಡಿದರೇ ಗೊತ್ತಾಗುತ್ತೆ, ಅಲ್ವಾ? 2015ರ ಮ್ಯಾಜಿಕ್ ಮೌಸ್‌ಗೆ ಚಾರ್ಜಿಂಗ್ ತೂತು ಇರುವುದು ಹೊಟ್ಟೆಯ ಕೆಳಗೆ. ಚಾರ್ಜ್‌ಗೆ ಹಾಕಿದರೆ ಅಂಗಾತ ಮಲಗುತ್ತದೆ, ಕೆಲಸ ಬಂದ್. ಇನ್ನೂ ಮಜಾ ಇದೆ. ವಿಂಡೋಸ್ ವಿಸ್ಟಾ ಮಾತುಮಾತಿಗೂ ‘ಕ್ಯಾನ್ಸಲ್ ಮಾಡಲಾ, ಅಲೌ ಮಾಡಲಾ’ ಅಂತ ಜೀವ ತಿನ್ನುತ್ತದೆ ಎಂದು ಆಪಲ್ 2007ರಲ್ಲಿ ಜಾಹೀರಾತು ಹಾಕಿಯೇ ಗೇಲಿ ಮಾಡಿತ್ತು. 2019ರಲ್ಲಿ ಅದರದೇ ಹೊಸ ಮ್ಯಾಕ್ ಓಎಸ್ ಕ್ಯಾಟಲಿನಾ ಬಂತು. ಡೌನ್‌ಲೋಡ್ಸ್ ನೋಡಲಾ, ಡೆಸ್ಕ್‌ಟಾಪ್ ಮುಟ್ಟಲಾ ಅಂತ ಆಪ್‌ಗಳೆಲ್ಲ ಸಾಲಾಗಿ ಅನುಮತಿ ಕೇಳತೊಡಗಿದವು. ಕಿರಿಕಿರಿ ಅನ್ನಬೇಡಿ, ಅದರ ಹೆಸರು ಪ್ರೈವಸಿ.

ಲಿನಕ್ಸ್ ಭಕ್ತರು ‘ಈಗ ಅಜ್ಜಿಯೂ ಬಳಸಬಹುದು’ ಅನ್ನುತ್ತಾರೆ. ಯಾವ ಅಜ್ಜಿ ಅಂತ ಕೇಳಬಾರದು. 2021ರಲ್ಲಿ ಹೆಸರಾಂತ ಯೂಟ್ಯೂಬರ್ ಒಬ್ಬರು ಪಾಪ್ ಓಎಸ್ ಎಂಬ ಲಿನಕ್ಸ್‌ನಲ್ಲಿ ಗೇಮ್ ಆಡೋಕೆ ಸ್ಟೀಮ್ ಎಂಬ ಗೇಮ್ ಅಂಗಡಿಯ ಆಪ್ ಹಾಕಲು ಹೋದರು. ಸಿಸ್ಟಮ್ ಒಂದು ಉದ್ದದ ಎಚ್ಚರಿಕೆ ತೋರಿಸಿ, ‘ಯೆಸ್, ಡು ಆ್ಯಸ್ ಐ ಸೇ’ ಎಂದು ಟೈಪ್ ಮಾಡಿ ಅಂದಿತು. ಮಾಡಿದರು. ಡೆಸ್ಕ್‌ಟಾಪೇ ಅಳಿಸಿಹೋಯಿತು. ‘ಎಚ್ಚರಿಕೆ ಓದಬೇಕಿತ್ತು’ ಅಂತ ಭಕ್ತರು ಯೂಟ್ಯೂಬರ್‌ಗೇ ಬೈದರು.

ಬಳಸುವವರ ಅಭಿಪ್ರಾಯ ಎಷ್ಟು ಗಟ್ಟಿ ಅನ್ನುವುದನ್ನೂ ಮೈಕ್ರೋಸಾಫ್ಟ್ 2008ರಲ್ಲಿ ಪರೀಕ್ಷೆ ಮಾಡಿ ನೋಡಿದೆ. ವಿಸ್ಟಾ ಅಂದರೆ ಮೂಗು ಮುರಿಯುತ್ತಿದ್ದವರನ್ನು ಕೂರಿಸಿ ‘ಮೊಹಾವಿ’ ಎಂಬ ಹೊಸ ವಿಂಡೋಸ್ ತೋರಿಸಿತು. ವಾವ್ ಅಂದರು. ಆಮೇಲೆ ಗುಟ್ಟು ಬಿಟ್ಟುಕೊಟ್ಟಿತು: ನೀವು ನೋಡಿದ್ದು ವಿಸ್ಟಾನೇ ಸ್ವಾಮಿ. ಹತ್ತು ವರ್ಷ ಕಳೆದು 2018ರಲ್ಲಿ ಆಪಲ್ ತನ್ನ ಹೊಸ ಮ್ಯಾಕ್ ಓಎಸ್‌ಗೆ ಮೊಹಾವಿ ಅಂತಲೇ ಹೆಸರಿಟ್ಟಿತು. ಮ್ಯಾಕ್ ಭಕ್ತರೂ ವಾವ್ ಅಂದರು.