ಆ ಹೊಡೆತಕ್ಕೆ ಶಿಳ್ಳೆ ಹಾಕಬೇಡಿ

ಇವತ್ತು ಮಧ್ಯಾಹ್ನದ ಬಿಡುವಿನಲ್ಲಿ ನಮ್ಮ ಸೆಕೆಂಡ್ ಪಿಯು ಹುಡುಗರು ಕಾರಿಡಾರಿನಲ್ಲಿ ಒಂದೇ ಫೋನಿನ ಸುತ್ತ ಗುಂಪು ಕಟ್ಟಿದ್ದರು. ನಾನು ಹತ್ತಿರ ಹೋದರೂ ಫೋನ್ ಜೇಬಿಗೆ ಸೇರಲಿಲ್ಲ. "ಮೇಡಂ, ನಿಮ್ಮ ಕೂಗಾ ಹೆಂಗೆ ಹೊಡೀತಾನೆ ನೋಡಿ" ಅಂತ ನನಗೇ ತೋರಿಸಿದರು. 'ಕೂಗಾ' ಅನ್ನುವ ಜಪಾನಿ ಧಾರಾವಾಹಿಯ ಅರ್ಧ ನಿಮಿಷದ ರೀಲು. ಕೆಂಪು ಕವಚದ ಹೀರೋ ಒಂದು ರಾಕ್ಷಸನನ್ನು ಹಿಡಿದುಕೊಂಡು ಒಂದೇ ಸಮನೆ ಗುದ್ದುತ್ತಿದ್ದಾನೆ. ಹಿಂದೆ ನಮ್ಮದೇ ಯಾವುದೋ ಸಿನಿಮಾದ ಮಾಸ್ ಬಿಜಿಎಂ. ಪ್ರತಿ ಏಟಿಗೂ ಸ್ಲೋ ಮೋಷನ್. ಕೆಳಗೆ ಕಾಮೆಂಟುಗಳಲ್ಲಿ ಬೆಂಕಿಯ ಎಮೋಜಿಗಳು. "ಬಾಸ್ ಅಂದ್ರೆ ಹಿಂಗಿರಬೇಕು", "ಗೂಸ್‌ಬಂಪ್ಸ್", "ಇದು ನೋಡಿ ನಿಜವಾದ ಹೀರೋ".

ಮನೆಗೆ ಬಂದ ಮೇಲೂ ಅದು ತಲೆಯಿಂದ ಹೋಗಲಿಲ್ಲ. ಅದಕ್ಕೇ ಈ ವಾರದ ಬರಹ ಭಾನುವಾರದ ತನಕ ಕಾಯುವುದಿಲ್ಲ.

ನಾನು 'ಕಾಮೆನ್ ರೈಡರ್ ಕೂಗಾ' ಧಾರಾವಾಹಿಯನ್ನು ಮತ್ತೆ ಮೊದಲಿಂದ ನೋಡುತ್ತಿದ್ದೇನೆ ಅನ್ನುವುದು ನಿಮಗೆಲ್ಲ ಗೊತ್ತು. ವಾರಕ್ಕೆ ಎರಡು ಕಂತು. ಅದರ ಹೆಚ್ಚಿನ ಕಥೆಗಳು ಎರಡೆರಡು ಕಂತಿನಲ್ಲಿ ಮುಗಿಯುತ್ತವೆ, ಹಾಗಾಗಿ ಲೆಕ್ಕ ಸರಿಹೋಗುತ್ತದೆ. ಈ ವಾರ ನೋಡಿದ್ದು 34 ಮತ್ತು 35. ಆ ರೀಲು ಬಂದಿರುವುದು ಇದೇ 35ನೇ ಕಂತಿನಿಂದ. ಕಥೆಯ ಕೊನೆಯ ಬಗ್ಗೆಯೂ ಇಲ್ಲಿ ಬರೆಯುತ್ತೇನೆ. ಜೊತೆಯಲ್ಲಿ ನೋಡುತ್ತಿರುವವರು ಬೇಕಿದ್ದರೆ ಇಲ್ಲಿಗೇ ನಿಲ್ಲಿಸಿ, ಆಮೇಲೆ ಬಂದು ಓದಿ.

ಹೊಸದಾಗಿ ಸೇರಿದವರಿಗೆ ಎರಡು ಮಾತು. ಶೊತಾರೊ ಇಶಿನೊಮೊರಿ ಸೃಷ್ಟಿಸಿದ ಕಾಮೆನ್ ರೈಡರ್ ಜಪಾನಿನ ಟಿವಿಗೆ ಬಂದದ್ದು 1971ರಲ್ಲಿ. 1989ರಲ್ಲಿ ಟಿವಿ ಸರಣಿ ನಿಂತುಹೋಯಿತು. 1998ರಲ್ಲಿ ಇಶಿನೊಮೊರಿ ತೀರಿಕೊಂಡರು. 2000ದ ಜನವರಿಯಲ್ಲಿ ಟಿವಿ ಅಸಾಹಿಯಲ್ಲಿ ಭಾನುವಾರ ಬೆಳಿಗ್ಗೆ 8 ಗಂಟೆಗೆ ಅದಕ್ಕೆ ಮತ್ತೆ ಜೀವ ಬಂತು. ಅದೇ ಕೂಗಾ. ಒಟ್ಟು 49 ಕಂತು.

ನಾಯಕ ಯೂಸುಕೆ ಗೊದಾಯ್. ಜೋ ಒದಗಿರಿ ಮಾಡಿದ ಪಾತ್ರ. ಊರೂರು ಸುತ್ತುವ ಹುಡುಗ. ತನ್ನನ್ನು 2000 ವಿದ್ಯೆ ಬಲ್ಲವನು ಅಂತ ಪರಿಚಯಿಸಿಕೊಳ್ಳುತ್ತಾನೆ. ಆ ವಿದ್ಯೆಗಳೆಲ್ಲ ಬಹುಪಾಲು ಯಾರನ್ನಾದರೂ ನಗಿಸುವುದಕ್ಕೆ. ತಂಗಿ ಮಿನೊರಿ ಶಿಶುವಿಹಾರದಲ್ಲಿ ಟೀಚರ್. ಅಲ್ಲಿನ ಮಕ್ಕಳಿಗೆಲ್ಲ ಇವನೆಂದರೆ ಪ್ರಾಣ. ಹೆಬ್ಬೆರಳು ಎತ್ತಿ ತೋರಿಸಿ ನಗುತ್ತಾನೆ. ಆ ಸನ್ನೆಯನ್ನು ಕಲಿಸಿದ್ದು ಅವನ ಪ್ರಾಥಮಿಕ ಶಾಲೆಯ ಮೇಷ್ಟ್ರು, ಅಪ್ಪ ಸತ್ತಾಗ ಕುಗ್ಗಿಹೋಗಿದ್ದ ಹುಡುಗನಿಗೆ ಧೈರ್ಯ ಹೇಳುತ್ತಾ. 11 ಮತ್ತು 12ನೇ ಕಂತುಗಳು ಪೂರ್ತಿ ಆ ಮೇಷ್ಟ್ರ ಕಥೆ. ಮೇಷ್ಟರ ಕೆಲಸ ಮಾಡುವವಳಾಗಿ ಆ ಎರಡು ಕಂತು ನನಗೆ ಎಷ್ಟು ಹತ್ತಿರ ಅಂತ ಆಗಲೇ ಬರೆದಿದ್ದೆ.

ಇಂಥವನ ಕೈಗೆ ಹೊಡೆದಾಟದ ಕೆಲಸ ಬರುತ್ತದೆ. ನಗಾನೊ ಸೀಮೆಯ ಒಂದು ಪ್ರಾಚೀನ ಗೋರಿ ಅಗೆದಾಗ ಗುರೊಂಗಿ ಅನ್ನುವ ಹಳೆಯ ಕೊಲೆಗಡುಕ ಕುಲ ಎದ್ದು ಬರುತ್ತದೆ. ಗೋರಿಯಲ್ಲಿ ಸಿಕ್ಕ ಬೆಲ್ಟು ಯೂಸುಕೆಯ ಮೈಯೊಳಗೇ ಸೇರಿಕೊಳ್ಳುತ್ತದೆ. ಎರಡನೇ ಕಂತಿನಲ್ಲಿ, ಉರಿಯುತ್ತಿರುವ ಚರ್ಚಿನೊಳಗೆ, ಇನ್ನು ಯಾರ ಕಣ್ಣೀರನ್ನೂ ನೋಡಲು ಇಷ್ಟವಿಲ್ಲ, ಎಲ್ಲರೂ ನಗುತ್ತಿರಬೇಕು ಅಂತ ಇಚಿಜೋ ಎಂಬ ಪೊಲೀಸ್ ಅಧಿಕಾರಿಗೆ ಹೇಳಿ, ರೂಪ ಬದಲಿಸಿ ಕೆಂಪು ಕವಚದ ಕೂಗಾ ಆಗುತ್ತಾನೆ. ಈ ಒಂದು ಕಾರಣಕ್ಕೆ ಅವನು ಹೊಡೆದಾಡುವುದು. ಇದನ್ನು ನೆನಪಿಟ್ಟುಕೊಳ್ಳದೆ 35ನೇ ಕಂತು ನೋಡಿದರೆ ಏನೂ ಸಿಗುವುದಿಲ್ಲ.

ಈಗ ಆ ಎರಡು ಕಂತಿಗೆ ಬರುತ್ತೇನೆ.

ಗುರೊಂಗಿಗಳಿಗೆ ಕೊಲೆ ಅಂದರೆ ಆಟ. ಆಟಕ್ಕೆ ನಿಯಮ ಇರುತ್ತದೆ, ಗಡುವು ಇರುತ್ತದೆ, ಎಣಿಕೆ ಇರುತ್ತದೆ. ಹಿಂದೆ ಒಬ್ಬ ಟೋಕಿಯೊದ 23 ವಾರ್ಡುಗಳಲ್ಲಿ ವರ್ಣಮಾಲೆಯ ಕ್ರಮದಲ್ಲಿ ಕೊಂದುಕೊಂಡು ಹೋದ. ಅವರ ಭಾಷೆಯೇ ಬೇರೆ. ಟಿವಿಯಲ್ಲಿ ಬಂದಾಗ ಅದಕ್ಕೆ ಸಬ್‌ಟೈಟಲ್ ಕೂಡ ಹಾಕಿರಲಿಲ್ಲ. ಯಾಕೆ ಸಾಯಿಸುತ್ತಿದ್ದಾರೆ ಅಂತ ಗೊತ್ತಾಗದೆ ಜನ ಸಾಯುತ್ತಾರೆ. ನೋಡುವವರಿಗೂ ಅಷ್ಟೇ ಗೊತ್ತು.

34ನೇ ಕಂತಿನಲ್ಲಿ ಬರುವವನು ಜರಾಜಿ. ಮುಳ್ಳುಹಂದಿಯ ರಾಕ್ಷಸ. ಮನುಷ್ಯ ರೂಪದಲ್ಲಿ ಉಗುರು ಕಚ್ಚುತ್ತಾ ಓಡಾಡುವ ಯುವಕ. ಅವನು ಆರಿಸಿಕೊಂಡ ಆಟ ಇದು: ಒಂದೇ ಹೈಸ್ಕೂಲಿನ ಎರಡನೇ ವರ್ಷದ ಹುಡುಗರು, 12 ದಿನದಲ್ಲಿ 90 ಜನ. ಕೊಲ್ಲುವ ರೀತಿ ಇನ್ನೂ ಭಯಾನಕ. ಕಣ್ಣಿಗೆ ಕಾಣದಂಥ ಸಣ್ಣ ಸೂಜಿಯನ್ನು ಮಿದುಳಿನೊಳಗೆ ಕಳಿಸುತ್ತಾನೆ. ನಾಲ್ಕು ದಿನ ಏನೂ ಆಗುವುದಿಲ್ಲ. ಆಮೇಲೆ ಸೂಜಿ ದೊಡ್ಡದಾಗುತ್ತದೆ, ಹುಡುಗ ಸಾಯುತ್ತಾನೆ. ನಡುವಿನ ಆ ದಿನಗಳಲ್ಲಿ ಅವರು ಹೆದರುವುದನ್ನು ನೋಡುವುದೇ ಅವನಿಗೆ ಸುಖ. ಯಾಕೆ ಹೀಗೆ ಮಾಡುತ್ತೀಯ ಅಂದರೆ, ನೀವು ನರಳಿದಷ್ಟೂ ಮಜಾ ಬರುತ್ತದೆ ಅನ್ನುತ್ತಾನೆ.

ಎರಡನೇ ವರ್ಷದ ಹುಡುಗರು ಅಂದರೆ ಹದಿನಾರು, ಹದಿನೇಳು ವಯಸ್ಸು. ನನ್ನ ಕ್ಲಾಸಿನಲ್ಲಿ ಕೂರುವವರು. ಇವತ್ತು ಫೋನ್ ಹಿಡಿದು ನಿಂತಿದ್ದರಲ್ಲ, ಅದೇ ವಯಸ್ಸಿನವರು. ನನಗೆ 34 ನೋಡುವುದು ಕಷ್ಟವಾಯಿತು. ಹಾಜರಿ ಪುಸ್ತಕದ ಹೆಸರುಗಳು ಕಣ್ಣ ಮುಂದೆ ಬಂದವು. ನಡುವೆ ಎದ್ದು ಹೋಗಿ ನೀರು ಕುಡಿದು ಬಂದೆ.

ಯೂಸುಕೆ ಈ ಸಾವುಗಳನ್ನೆಲ್ಲ ನೋಡುತ್ತಾನೆ. ಮಕ್ಕಳನ್ನು ಕಳೆದುಕೊಂಡು ಅಳುವವರನ್ನು ನೋಡುತ್ತಾನೆ. ಮುಖದಲ್ಲಿ ನಗು ಇಲ್ಲ. 33 ಕಂತುಗಳಲ್ಲಿ ನಗದೆ ಇದ್ದ ಗಳಿಗೆಗಳೇ ಕಡಿಮೆ ಅವನಿಗೆ. ಇಲ್ಲಿ ಅವನ ಮುಷ್ಟಿ ಬಿಗಿಯುತ್ತದೆ. ಮಾತು ಕಡಿಮೆಯಾಗುತ್ತದೆ. ಆಮೇಲೆ ಜರಾಜಿ ಕೈಗೆ ಸಿಗುತ್ತಾನೆ.

ಕೂಗಾ ಮಾಮೂಲಿಯಾಗಿ ಹೇಗೆ ಗೆಲ್ಲುತ್ತಾನೆ ನೆನಪಿದೆ ಅಲ್ವಾ? ಓಡಿ ಬಂದು ಒಂದು ಒದೆ. ಶತ್ರುವಿನ ಮೈಮೇಲೆ ಮುದ್ರೆ ಮೂಡುತ್ತದೆ. ಸ್ಫೋಟ. ಮುಗಿಯಿತು. ಅದರಲ್ಲಿ ಒಂದು ಅಚ್ಚುಕಟ್ಟುತನ ಇದೆ. 35ರಲ್ಲಿ ಆ ಒದೆ ಬರುವುದೇ ಇಲ್ಲ. ಗುದ್ದುತ್ತಾನೆ, ಮತ್ತೆ ಗುದ್ದುತ್ತಾನೆ, ಬಿದ್ದವನನ್ನು ಎತ್ತಿ ಗುದ್ದುತ್ತಾನೆ. ಸರೋವರದ ದಡಕ್ಕೆ ಒಯ್ದು ಕತ್ತಿಯಿಂದ ಕಡಿಯುತ್ತಾನೆ. ಒಂದು ಏಟಿಗೆ ಸಾಯುವವನನ್ನು ಮತ್ತೆ ಮತ್ತೆ ಕಡಿಯುತ್ತಾನೆ. ಕೊನೆಗೆ ಸ್ಫೋಟವಾಗುತ್ತದೆ. ಆ ಬೆಂಕಿಯಲ್ಲಿ ಯೂಸುಕೆಗೆ ಒಂದು ಆಕಾರ ಕಾಣುತ್ತದೆ. ಕಪ್ಪು ಮೈ, ಕಪ್ಪು ಕಣ್ಣು. ಅದು ಅವನೇ. ಮುಂದೆ ತಾನು ಆಗಬಹುದಾದದ್ದು.

ರೀಲಿನಲ್ಲಿ ಇದು ಇಲ್ಲ. ನನ್ನ ಸಿಟ್ಟು ಇಷ್ಟೇ. ಗುದ್ದು ಇಟ್ಟುಕೊಂಡರು, ಗುದ್ದಿದವನು ಕಂಡದ್ದನ್ನು ಕತ್ತರಿಸಿ ಎಸೆದರು. ಮುಷ್ಟಿ ಬಿದ್ದಾಗಿನ ಸಪ್ಪಳವನ್ನೂ ತೆಗೆದುಹಾಕಿ ಅದರ ಮೇಲೆ ನಗಾರಿ ಬಾರಿಸಿದರು. ಆ ಸಪ್ಪಳ ಕೇಳಿದರೆ ಹೊಟ್ಟೆ ತೊಳೆಸುತ್ತದೆ. ಕೇಳಲಿ ಅಂತಲೇ ಇಟ್ಟಿದ್ದಾರೆ. ಅದನ್ನು ಕಿವಿಗೆ ಹಿತವಾಗುವಂತೆ ಮಾಡಿದರೆ ಇಡೀ ಕಂತು ತಲೆಕೆಳಗಾಗುತ್ತದೆ.

"ಅವನು ರಾಕ್ಷಸ ಅಲ್ವಾ ಮೇಡಂ? ಮಕ್ಕಳನ್ನು ಕೊಂದವನಿಗೆ ಅಷ್ಟೂ ಹೊಡೀಬಾರದಾ?" ಅಂತ ಒಬ್ಬ ಹುಡುಗ ಕೇಳಿದ. ಇಲ್ಲೂ ಕೆಲವರು ಇದನ್ನೇ ಕೇಳುತ್ತೀರಿ ಅಂತ ಗೊತ್ತು. ಜರಾಜಿಯ ಮೇಲೆ ಕರುಣೆ ತೋರಿಸಿ ಅಂತ ಕಥೆ ಎಲ್ಲೂ ಕೇಳುವುದಿಲ್ಲ. ನಾನೂ ಕೇಳುತ್ತಿಲ್ಲ. ಅವನು ಸಾಯಲೇಬೇಕಿತ್ತು. ಇಲ್ಲದಿದ್ದರೆ ಆಟ ನಿಲ್ಲುತ್ತಿರಲಿಲ್ಲ. ಆ ಏಟು ಬೀಳುವಾಗ ನನ್ನ ಮುಷ್ಟಿಯೂ ಬಿಗಿದಿತ್ತು. ಹೊಡಿ, ಇನ್ನೂ ಹೊಡಿ ಅಂತ ಒಳಗಿಂದ ಬಂತು. ಅಷ್ಟು ಹೊತ್ತು ಸತ್ತ ಹುಡುಗರನ್ನು ತೋರಿಸಿದ್ದು ನಮ್ಮಲ್ಲೂ ಆ ಸಿಟ್ಟು ಬರಲಿ ಅಂತಲೇ. ನಮ್ಮ ಸಿಟ್ಟು ನೆತ್ತಿಗೇರಿದ ಹೊತ್ತಿಗೆ ಆ ಕಪ್ಪು ಕಣ್ಣು ತೋರಿಸುತ್ತಾರೆ. ನೀನು ಕೇಳಿದ್ದು ಇದನ್ನೇ, ನೋಡು ಅಂತ.

ಹಾಗಾಗಿ ಜರಾಜಿ ಅದಕ್ಕೆ ಯೋಗ್ಯನೋ ಅಲ್ಲವೋ ಅನ್ನುವ ಚರ್ಚೆಯಲ್ಲಿ ನನಗೆ ಆಸಕ್ತಿ ಇಲ್ಲ. ಏಟು ತಿಂದವನ ಲೆಕ್ಕ ಅಲ್ಲಿಗೆ ಮುಗಿಯಿತು. ಏಟು ಕೊಟ್ಟವನು ಮನೆಗೆ ಹೋಗಬೇಕು. ಮಾರನೇ ದಿನ ಶಿಶುವಿಹಾರದ ಮಕ್ಕಳ ಮುಂದೆ ಅದೇ ಕೈಯ ಹೆಬ್ಬೆರಳು ಎತ್ತಬೇಕು.

ಈ ಭಯ 35ಕ್ಕೆ ಮುಗಿಯುವುದಿಲ್ಲ. ಬೆಲ್ಟಿನ ಜೊತೆ ಮೈಯೊಳಗೆ ಸೇರಿದ ಕಲ್ಲು ಅವನ ನರಗಳನ್ನು ಆವರಿಸುತ್ತಿದೆ, ಕೊನೆಗೆ ಹೊಡೆದಾಡುವುದಕ್ಕೆ ಮಾತ್ರ ಇರುವ ಜೀವಿಯಾಗಬಹುದು ಅಂತ ಡಾಕ್ಟರ್ ತ್ಸುಬಾಕಿ ಮೊದಲೇ ಎಚ್ಚರಿಸಿದ್ದಾನೆ. ಪ್ರಾಚೀನ ಲಿಪಿ ಓದುವ ಸಕುರಾಕೊಗೆ ಒಂದು ಬರಹ ಸಿಗುತ್ತದೆ. ಪವಿತ್ರ ಚಿಲುಮೆ ಬತ್ತಿದಾಗ ಭೀಕರ ಯೋಧ ಎದ್ದು ಬರುತ್ತಾನೆ, ಸೂರ್ಯ ಕತ್ತಲಲ್ಲಿ ಹೂತುಹೋಗುತ್ತಾನೆ ಅಂತ. ಚಿಲುಮೆ ಅಂದರೆ ಅವನ ಮನಸ್ಸು. 48ನೇ ಕಂತಿನಲ್ಲಿ, ಕೊನೆಯ ಕಾಳಗಕ್ಕೆ ಹೊರಡುವ ಮೊದಲು, ತಾನು ಆ ಭೀಕರ ಯೋಧನಾದರೆ ಬೆಲ್ಟಿನ ಬಿರುಕಿಗೆ ಗುರಿಯಿಟ್ಟು ಗುಂಡು ಹಾರಿಸಿ ಅಂತ ಅವನೇ ಇಚಿಜೋಗೆ ಹೇಳುತ್ತಾನೆ. ತನ್ನ ಅತ್ಯಂತ ಹತ್ತಿರದ ಗೆಳೆಯನಿಗೆ. ಇಚಿಜೋ ಅವನನ್ನು ಈ ದಾರಿಗೆ ತಂದದ್ದಕ್ಕೆ ಸಂಕಟಪಡುತ್ತಾನೆ. ನೀನು ಬರೀ ಸಾಹಸ ಪ್ರಯಾಣ ಮಾಡಿಕೊಂಡಿರಬೇಕಿತ್ತು ಅನ್ನುತ್ತಾನೆ.

ಆಮೇಲೆ ಹಿಮದ ಬೆಟ್ಟ. ಎದುರಿಗೆ ದಗುವಾ, ಗುರೊಂಗಿಗಳಲ್ಲೆಲ್ಲ ಬಲಶಾಲಿ. ಯೂಸುಕೆ ಆ ಕಪ್ಪು ರೂಪವನ್ನೇ ತಾಳುತ್ತಾನೆ. ಕಣ್ಣು ಮಾತ್ರ ಕೆಂಪಾಗಿಯೇ ಉಳಿಯುತ್ತದೆ. ಮನಸ್ಸು ಬತ್ತಿಲ್ಲ. ಕವಚ ಕಳಚಿದ ಮೇಲೆ ಇಬ್ಬರೂ ಮನುಷ್ಯ ರೂಪದಲ್ಲಿ, ಬರಿಗೈಯಲ್ಲಿ ಹೊಡೆದಾಡುತ್ತಾರೆ. ಬಿಳಿ ಬಟ್ಟೆಯ ದಗುವಾ ರಕ್ತ ಕಾರುತ್ತಾ ನಗುತ್ತಾನೆ. ಯೂಸುಕೆ ಪ್ರತಿ ಏಟಿಗೂ ಅಳುತ್ತಾನೆ. ಮೊದಲಿಂದಲೂ ಮುಖವಾಡದ ಒಳಗೆ ಹೀಗೇ ಇದ್ದನೋ ಏನೋ ಅಂತ ಆಗ ನನಗೆ ಅನ್ನಿಸಿತು. ಹೊಡೆಯುವುದರಲ್ಲಿ ಖುಷಿ ಕಾಣುವವನು ಯಾರು, ನೋವು ಕಾಣುವವನು ಯಾರು ಅಂತ ಇದಕ್ಕಿಂತ ಸ್ಪಷ್ಟವಾಗಿ ತೋರಿಸಲು ಸಾಧ್ಯವಿಲ್ಲ. ಕೊನೆಯ ಕಂತಿನಲ್ಲಂತೂ ಕಾಳಗವೇ ಇಲ್ಲ. ಮೂರು ತಿಂಗಳಾದ ಮೇಲೆ ಉಳಿದವರೆಲ್ಲ ಅವನ ಬಗ್ಗೆ ಮಾತಾಡಿಕೊಳ್ಳುತ್ತಾರೆ. ಅವನು ದೂರ ಎಲ್ಲೋ ಕಡಲ ತೀರದಲ್ಲಿದ್ದಾನೆ. ಆ ದೃಶ್ಯಕ್ಕಾಗಿ ತಂಡ ಕ್ಯೂಬಾಕ್ಕೆ ಹೋಗಿತ್ತು. ಒಂದು ಸೂಪರ್‌ಹೀರೋ ಧಾರಾವಾಹಿ ತನ್ನ ಕೊನೆಯ ಕಂತನ್ನು ಹೀರೋನ ಗಾಯಕ್ಕೆ ಬಿಟ್ಟುಕೊಟ್ಟಿದೆ. ಅದೂ ಮಕ್ಕಳು ನೋಡುವ ಹೊತ್ತಿನಲ್ಲಿ.

ಇದನ್ನೇ ಹಿಡಿದುಕೊಂಡು "ಮಕ್ಕಳ ಶೋ ಬಿಡಿ, ಇಷ್ಟೊಂದು ಯಾಕೆ ಯೋಚಿಸ್ತೀರಿ" ಅನ್ನುವವರೂ ಇದ್ದಾರೆ. ಮಕ್ಕಳ ಶೋ ಅನ್ನುವುದಕ್ಕೇ ಇಷ್ಟು ಯೋಚಿಸಬೇಕು. ಇದನ್ನು ಮಾಡಿದವರಿಗೆ ಭಾನುವಾರ ಬೆಳಿಗ್ಗೆ ಟಿವಿ ಮುಂದೆ ಯಾರು ಕೂತಿರುತ್ತಾರೆ ಅಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಹೊಡೆತವನ್ನು ಅಷ್ಟು ಅಸಹ್ಯವಾಗಿ ತೋರಿಸಿದರು. ಆ ಮರ್ಯಾದೆಯನ್ನು ಮಕ್ಕಳಿಗೆ ಕೊಟ್ಟರು. ನಾವು ಅದನ್ನು ಅರ್ಧ ನಿಮಿಷಕ್ಕೆ ಕತ್ತರಿಸಿ, ನಮ್ಮ ಹುಡುಗರ ಕೈಗೆ ಶಿಳ್ಳೆ ಹಾಕುವ ಸರಕಾಗಿ ಕೊಡುತ್ತಿದ್ದೇವೆ.

ನನಗೆ ಮಾಸ್ ಸಿನಿಮಾ ಇಷ್ಟವಿಲ್ಲ ಅಂತಲ್ಲ. ಮೊದಲ ದಿನದ ಶೋಗೆ ಹೋಗಿ ಕಿರುಚಿದವಳು ನಾನು, ನಿಮ್ಮಲ್ಲಿ ಕೆಲವರು ಪಕ್ಕದ ಸೀಟಿನಲ್ಲೇ ಇದ್ದಿರಿ. ಆ ಸಿನಿಮಾ ಹೊಡೆತಕ್ಕೆ ಚಪ್ಪಾಳೆ ಬೇಕು ಅಂತ ಕೇಳಿಯೇ ಮಾಡಿದ್ದು. ಕೇಳಿದೆ, ಕೊಟ್ಟೆವು. ಕೂಗಾ ಚಪ್ಪಾಳೆ ಕೇಳಿಲ್ಲ. ಚಪ್ಪಾಳೆಗೆ ಎತ್ತಿದ ಕೈಯನ್ನು ನಡುವೆಯೇ ನಿಲ್ಲಿಸುತ್ತದೆ. ಅದಕ್ಕೆ ಎಷ್ಟು ಧೈರ್ಯ ಬೇಕು ಯೋಚಿಸಿ. ಹತ್ತು ವರ್ಷಕ್ಕೂ ಹೆಚ್ಚು ಕಾಲ ನಿಂತುಹೋಗಿದ್ದ ಸರಣಿಯನ್ನು ಮತ್ತೆ ಎಬ್ಬಿಸುವ ಹೊತ್ತಿನಲ್ಲಿ, ತಮ್ಮ ಹೀರೋ ಕೆಟ್ಟದಾಗಿ ಕಾಣುವಂತೆ ಒಂದು ಗೆಲುವನ್ನು ಬರೆದರು.

ಹುಡುಗರಿಗೆ ಕಾರಿಡಾರಿನಲ್ಲೇ ಇಷ್ಟೆಲ್ಲ ಹೇಳಲು ಆಗಲಿಲ್ಲ. ಬೆಲ್ ಆಯಿತು. ರೀಲು ಬಿಡಿ, ಎರಡೂ ಕಂತು ಪೂರ್ತಿ ನೋಡಿ ಬನ್ನಿ, ಆಮೇಲೆ ಮಾತಾಡೋಣ ಅಂದೆ. ಒಬ್ಬ ಮಾತ್ರ ಕಂತಿನ ನಂಬರ್ ಬರೆದುಕೊಂಡ. ಸೋಮವಾರ ಅವನ ಹತ್ತಿರ ಕೇಳುತ್ತೇನೆ.

ನಿಮಗೂ ಅದೇ ಕೋರಿಕೆ. ಕಾಮೆಂಟಿನಲ್ಲಿ ಜಗಳ ಆಡಲು ನಾನು ಸಿದ್ಧ. ಆದರೆ 34 ನೋಡಿ ಬನ್ನಿ, 35ನ್ನು ಆ ಕಪ್ಪು ಕಣ್ಣಿನ ತನಕ ನೋಡಿ ಬನ್ನಿ. ಅದನ್ನು ನೋಡಿದ ಮೇಲೂ "ಬಾಸ್" ಅಂತ ಬರೆಯಬೇಕು ಅನ್ನಿಸಿದರೆ ಬರೆಯಿರಿ, ಉತ್ತರ ಕೊಡುತ್ತೇನೆ. ಬರೀ ರೀಲು ನೋಡಿ ಬಂದವರಿಗೆ ಈ ಸಲ ಉತ್ತರ ಕೊಡುವುದಿಲ್ಲ. ಭಾನುವಾರ 36 ಮತ್ತು 37.