ಡೈರೆಕ್ಟರಿಯಲ್ಲಿ ‘ದಿ’ ಎಲ್ಲಿ ಕೂರಬೇಕು?

ಕೆಲವು ವರ್ಷಗಳ ಹಿಂದೆ ಒಂದು ಸಂಘದ ಸದಸ್ಯ ಸಂಸ್ಥೆಗಳ ಡೈರೆಕ್ಟರಿಯನ್ನು ಇಂಗ್ಲಿಷಿನಲ್ಲಿ ಸಿದ್ಧಪಡಿಸುವ ಹೊಣೆ ನನ್ನ ಮೇಲಿತ್ತು. ನೋಂದಣಿ ಪತ್ರದಲ್ಲಿದ್ದಂತೆಯೇ ಹೆಸರುಗಳನ್ನೆಲ್ಲ ಎಕ್ಸೆಲ್ ಶೀಟಿಗೆ ತುಂಬಿ, ಸಾರ್ಟ್ ಕೊಟ್ಟು, ಬಂದ ಕ್ರಮವನ್ನೇ ಅಚ್ಚಿಗೆ ಕಳುಹಿಸಿದೆ. ಪುಸ್ತಕ ಹೊರಬಂದ ವಾರದಲ್ಲಿ ಹಿರಿಯ ಸದಸ್ಯರೊಬ್ಬರು ಕಚೇರಿಗೆ ಬಂದು ಎದುರಿಗೆ ಕುಳಿತರು. ‘ಎಂ’ ಅಕ್ಷರದ ಪುಟ ತೆರೆದು, ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಬೆರಳಾಡಿಸಿ, “ನಮ್ಮ ಹೆಸರನ್ನೇ ಬಿಟ್ಟುಬಿಟ್ಟಿದ್ದೀರಲ್ಲ” ಎಂದರು. ಹೆಸರು ಬಿಟ್ಟುಹೋಗಿರಲಿಲ್ಲ. ನೋಂದಣಿಯಲ್ಲಿ ಅದು ಇಂಗ್ಲಿಷಿನ ‘ದಿ’ (The) ಎಂಬ ಪದದಿಂದ ಶುರುವಾಗುತ್ತಿದ್ದುದರಿಂದ ‘ಟಿ’ ವಿಭಾಗಕ್ಕೆ ಹೋಗಿ, ಅದೇ ಪದವನ್ನು ಹೊತ್ತ 38 ಹೆಸರುಗಳ ನಡುವೆ ಸಿಕ್ಕಿಕೊಂಡಿತ್ತು. ತಮ್ಮದೇ ಸಂಸ್ಥೆಯ ಹೆಸರನ್ನು ಅವರೇ ‘ಎಂ’ನಲ್ಲಿ ಹುಡುಕಿದ್ದರು ಎಂಬುದು ನನ್ನ ಮನಸ್ಸಿನಿಂದ ಇಂದಿಗೂ ಹೋಗಿಲ್ಲ.

1878ರ ಫೆಬ್ರವರಿಯಲ್ಲಿ ಅಮೆರಿಕದ ನ್ಯೂ ಹೇವನ್‌ನಲ್ಲಿ ಹೊರಬಂದ ಮೊದಲ ಟೆಲಿಫೋನ್ ಡೈರೆಕ್ಟರಿ ಒಂದೇ ಹಾಳೆಯದು. ಅದರಲ್ಲಿದ್ದದ್ದು 50 ಹೆಸರು. ಅಷ್ಟನ್ನು ಯಾವ ಕ್ರಮದಲ್ಲಿ ಬರೆದರೂ ಕಣ್ಣಾಡಿಸಿ ಹುಡುಕಿಕೊಳ್ಳಬಹುದು. ಹೆಸರುಗಳು ಸಾವಿರ ದಾಟಿದಾಗ ಮಾತ್ರ ಓದುಗನು ಪುಟ ತೆರೆಯುವ ಮೊದಲೇ ಒಂದು ಅಕ್ಷರವನ್ನು ಊಹಿಸಬೇಕಾಗುತ್ತದೆ, ಮತ್ತು ಅಕ್ಷರಕ್ರಮ ಇರುವುದೇ ಆ ಊಹೆ ನಿಜವಾಗಲಿ ಎಂಬುದಕ್ಕಾಗಿ. ಯಾವ ಪದ ನೂರಾರು ಹೆಸರುಗಳ ತಲೆಯ ಮೇಲೆ ಒಂದೇ ರೀತಿ ಕುಳಿತಿದೆಯೋ ಆ ಪದದಿಂದ ಹೆಸರು ಹೆಸರಿಗೆ ಇರುವ ವ್ಯತ್ಯಾಸ ತಿಳಿಯುವುದಿಲ್ಲ. ಡಿಸ್ನಿ ಕಂಪನಿಯ ಕಾನೂನುಬದ್ಧ ಹೆಸರು ‘ದಿ ವಾಲ್ಟ್ ಡಿಸ್ನಿ ಕಂಪನಿ’. ಹಾಗೆಂದು ಅದನ್ನು ‘ಟಿ’ಯಲ್ಲಿ ಹುಡುಕುವವರನ್ನು ನಾನು ಕಂಡಿಲ್ಲ.

ಗ್ರಂಥಾಲಯದವರು ಈ ಸಮಸ್ಯೆಯನ್ನು ಬಗೆಹರಿಸಿದ ರೀತಿ ನನಗೆ ಬಹಳ ಮೆಚ್ಚುಗೆಯಾದದ್ದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ 1960ರ ದಶಕದಲ್ಲಿ ಹುಟ್ಟಿದ ಮಾರ್ಕ್ ಎಂಬ ಕ್ಯಾಟಲಾಗ್ ಪದ್ಧತಿಯಲ್ಲಿ ಶೀರ್ಷಿಕೆಗೆ 245ನೆಯ ಸಂಖ್ಯೆಯ ಕ್ಷೇತ್ರ, ಅಂದರೆ ಮಾಹಿತಿ ತುಂಬುವ ಖಾನೆ, ಇದೆ. ಜೋಡಿಸುವಾಗ ಮೊದಲ ಎಷ್ಟು ಸ್ಥಾನಗಳನ್ನು ದಾಟಿ ಹೋಗಬೇಕು ಎಂಬುದನ್ನು ಆ ಕ್ಷೇತ್ರದ ಎರಡನೆಯ ಸೂಚಕ ಹೇಳುತ್ತದೆ. ಇಂಗ್ಲಿಷಿನ ‘ದಿ’ಗೆ ಅಲ್ಲಿ 4 ಎಂದು ಬರೆಯುತ್ತಾರೆ, ಮೂರು ಅಕ್ಷರ ಮತ್ತು ಒಂದು ಖಾಲಿ ಜಾಗ, ‘ಆ್ಯನ್’ಗೆ 3, ‘ಎ’ಗೆ 2. ಶೀರ್ಷಿಕೆಯಿಂದ ಒಂದಕ್ಷರವನ್ನೂ ಕಿತ್ತುಹಾಕುವುದಿಲ್ಲ, ಓದುಗನಿಗೆ ಅದು ಇಡಿಯಾಗಿಯೇ ಕಾಣುತ್ತದೆ. ಜಾಗ ಮಾತ್ರ ಮುಂದಿನ ಪದದ ಪ್ರಕಾರ ಸಿಗುತ್ತದೆ. ಹೆಸರನ್ನು ಹೇಗೆ ಅಚ್ಚುಹಾಕುವುದು ಮತ್ತು ಎಲ್ಲಿ ಇಡುವುದು ಎಂಬ ಎರಡು ಬೇರೆ ಬೇರೆ ಪ್ರಶ್ನೆಗಳನ್ನು ನಾವು ಒಂದೇ ಎಂದುಕೊಂಡಿರುವುದರಿಂದಲೇ ಈ ಜಗಳವೆಲ್ಲ ಹುಟ್ಟಿದೆ ಎಂದು ನನ್ನ ನಂಬಿಕೆ. ಅಮೆರಿಕದ ಕಡತ ನಿರ್ವಾಹಕರ ಸಂಘವಾದ ಆರ್ಮಾದ ನಿಯಮವೂ ಇದಕ್ಕೆ ಹತ್ತಿರದ್ದೇ: ಸಂಸ್ಥೆಯ ಹೆಸರಿನ ಮೊದಲಿಗೆ ಬರುವ ‘ದಿ’ಯನ್ನು ಜೋಡಣೆಯ ಮಟ್ಟಿಗೆ ಕೊನೆಯ ಪದವೆಂದು ಎಣಿಸಬೇಕು.

ಸಂಸ್ಥೆಯ ಮಾಲೀಕರಿಗೆ ಇದರಿಂದ ನೋವಾಗುವುದುಂಟು, ಮತ್ತು ಆ ನೋವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯ ಉಡುಪುಗಳ ಮೇಲೆ ಬಳಸಲು ‘ದಿ’ ಎಂಬ ಪದಕ್ಕೇ 2022ರಲ್ಲಿ ಟ್ರೇಡ್‌ಮಾರ್ಕ್ ಪಡೆಯಿತೆಂದರೆ ಆ ಮೂರು ಅಕ್ಷರಗಳ ಮೇಲಿನ ಅಭಿಮಾನ ಎಷ್ಟೆಂದು ತಿಳಿಯುತ್ತದೆ. ಅಂಥವರ ಹೆಸರನ್ನು ‘ದಿ’ ಸಹಿತವಾಗಿಯೇ ಅಚ್ಚುಹಾಕಬೇಕು. ಆದರೆ ಪುಟದಲ್ಲಿ ಅದರ ಜಾಗ ಯಾವುದೆಂದು ತೀರ್ಮಾನವಾಗಬೇಕಾದದ್ದು ಹುಡುಕುವವನ ಅನುಕೂಲದಿಂದ.

‘ಎ’ಯ ಕಥೆ ಇನ್ನೂ ಸೂಕ್ಷ್ಮವಾದದ್ದು. ಹಳದಿ ಪುಟಗಳ, ಅಂದರೆ ವ್ಯಾಪಾರಿಗಳ ಫೋನ್ ಡೈರೆಕ್ಟರಿಗಳ, ಕಾಲದಲ್ಲಿ ಪಟ್ಟಿಯ ತುದಿಗೇರಲೆಂದೇ ಎಷ್ಟೋ ಅಂಗಡಿಗಳು ಮೂರು ‘ಎ’ಗಳನ್ನು ಹೆಸರಿನ ಮೊದಲಿಗೆ ಅಂಟಿಸಿಕೊಂಡವು, ಇನ್ನು ಕೆಲವು ‘ಎ’ ಎಂಬ ಆರ್ಟಿಕಲ್ ಅನ್ನೇ (‘ದಿ’, ‘ಆ್ಯನ್’ಗಳಂತೆ ನಾಮಪದದ ಮುಂದೆ ಬರುವ ಸಣ್ಣ ಪದ) ಏಣಿ ಮಾಡಿಕೊಂಡವು. ಆರ್ಟಿಕಲ್ ಬಿಟ್ಟು ಜೋಡಿಸಿದರೆ ಎರಡನೆಯವರ ಉಪಾಯ ಅಲ್ಲಿಗೇ ಮುಗಿಯುತ್ತದೆ. ಆದರೆ ಈ ಕೆಲಸವನ್ನು ಪೂರ್ತಿ ಯಂತ್ರಕ್ಕೆ ಒಪ್ಪಿಸಿದರೆ ‘ಎ ಟು ಝಡ್’ ಎಂಬ ಹೆಸರು ‘ಟಿ’ಗೆ ಹೋಗುತ್ತದೆ, ವ್ಯಕ್ತಿಯ ಇನಿಷಿಯಲ್ ಆಗಿರುವ ‘ಎ’ ಕೂಡ ಅಳಿಯುತ್ತದೆ. ಜರ್ಮನ್ ಆರ್ಟಿಕಲ್‌ಗಳನ್ನೂ (‘ದಾಸ್’ ಅವುಗಳಲ್ಲೊಂದು) ಬಿಡು ಎಂದು ಅದಕ್ಕೆ ಹೇಳಿಕೊಟ್ಟರಂತೂ ‘ದಾಸ್ ಆ್ಯಂಡ್ ಸನ್ಸ್’ ಎಂಬಂಥ ಹೆಸರಿನಲ್ಲಿ ಮನೆತನದ ಹೆಸರೇ ಮಾಯವಾಗಿ ಬರೀ ಮಕ್ಕಳು ಉಳಿಯುತ್ತಾರೆ.

ಪರಭಾಷೆಯ ಆರ್ಟಿಕಲ್‌ಗಳ ವಿಷಯದಲ್ಲಿ ನನ್ನ ನಿಲುವು ಬೇರೆ. ದೇಶಗಳ ಪಟ್ಟಿಯನ್ನೇ ನೋಡಿ: ಅಂತರರಾಷ್ಟ್ರೀಯ ಮಾನಕಗಳನ್ನು ರೂಪಿಸುವ ಐಎಸ್‌ಒ ಸಂಸ್ಥೆಯ ಪಟ್ಟಿಯಲ್ಲಿ ಬಹಾಮಾಸ್ ‘ಬಿ’ಯಲ್ಲಿದೆ, ಅದರ ‘ದಿ’ ಹಿಂದಕ್ಕೆ ಹೋಗಿ ಆವರಣ ಚಿಹ್ನೆಯೊಳಗೆ ಕುಳಿತಿದೆ, ಎಲ್ ಸಾಲ್ವಡಾರ್ ಮಾತ್ರ ‘ಇ’ಯಲ್ಲಿಯೇ ಇದೆ, ಸ್ಪ್ಯಾನಿಷಿನಲ್ಲಿ ‘ಎಲ್’ ಎಂದರೆ ‘ದಿ’ಯೇ ಆಗಿದ್ದರೂ. ಇದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಇಂಗ್ಲಿಷ್ ಓದುಗನಿಗೆ ಅದು ಆರ್ಟಿಕಲ್ ಎಂದು ಅನ್ನಿಸುವುದೇ ಇಲ್ಲ, ಹೆಸರಿನ ಮೈಯಲ್ಲೇ ಅದು ಬೆರೆತಿದೆ. ಹಾಗೆಯೇ ಪರಭಾಷೆಯ ಆರ್ಟಿಕಲ್‌ನಿಂದ ಶುರುವಾಗುವ ಲಾಸ್ ಏಂಜಲೀಸ್ ‘ಎಲ್’ ಅಕ್ಷರದಲ್ಲಿಯೇ ಇರಬೇಕು, ಫ್ರೆಂಚ್ ಸೌಂದರ್ಯವರ್ಧಕ ಕಂಪನಿ ಲೊರಿಯಾಲ್ ಕೂಡ. ಡೈರೆಕ್ಟರಿ ಯಾವ ಭಾಷೆಯ ಓದುಗರಿಗಾಗಿ ಸಿದ್ಧವಾಗುತ್ತಿದೆಯೋ ಆ ಭಾಷೆಯ ಆರ್ಟಿಕಲ್ ಅನ್ನು ಮಾತ್ರ ಲೆಕ್ಕದಿಂದ ಬಿಟ್ಟರೆ ಸಾಕು.

ಕನ್ನಡ ಲಿಪಿಯಲ್ಲಿ ಡೈರೆಕ್ಟರಿ ಮಾಡುವವರಿಗೆ ಕಷ್ಟ ಇನ್ನೂ ಹೆಚ್ಚು. ಒಬ್ಬರು ‘ದಿ’ ಎಂದು ಬರೆದರೆ ಇನ್ನೊಬ್ಬರು ‘ದ’ ಎನ್ನುತ್ತಾರೆ, ಮತ್ತೊಬ್ಬರು ‘ದೀ’ ಎಂದು ಎಳೆಯುತ್ತಾರೆ. ಕಾಗುಣಿತದ ಕ್ರಮದಲ್ಲಿ ಇವು ಮೂರು ಕಡೆ ಚದುರುತ್ತವೆ, ನಡುವೆ ‘ದಾ’ದಿಂದ ಶುರುವಾಗುವ ಹೆಸರುಗಳೆಲ್ಲ ಬಂದು ಕೂರುತ್ತವೆ. ನಮ್ಮ ಭಾಷೆಯಲ್ಲಿ ಆರ್ಟಿಕಲ್ ಎಂಬುದೇ ಇಲ್ಲವಾದ್ದರಿಂದ ಕೇಳಿದ ಹೆಸರಿನಿಂದ ಆ ಸಣ್ಣ ಪದವನ್ನು ನಮ್ಮ ಕಿವಿ ತಾನಾಗಿಯೇ ಬಿಟ್ಟುಬಿಡುತ್ತದೆ. ಈಗ ಎಲ್ಲರೂ ಟೈಪ್ ಮಾಡಿಯೇ ಹುಡುಕುತ್ತಾರೆ, ಕ್ರಮದ ಚಿಂತೆ ಯಾಕೆ ಎಂದು ಕೇಳುವವರಿದ್ದಾರೆ. ಆದರೆ ಹೆಸರು ಅರ್ಧ ಮರೆತವರು ಇಂದಿಗೂ ಪಟ್ಟಿಯನ್ನು ಸರಿಸಿಕೊಂಡೇ ಹುಡುಕುತ್ತಾರೆ.

ಎರಡನೆಯ ಮುದ್ರಣದ ಹೊತ್ತಿಗೆ ನಾನು ಶೀಟಿನಲ್ಲಿ ಇನ್ನೊಂದು ಕಾಲಂ ಸೇರಿಸಿದೆ. ಮೊದಲನೆಯದು ಅಚ್ಚಾಗುವ ಹೆಸರು, ಎರಡನೆಯದು ಜೋಡಣೆಗೆ ಮಾತ್ರ. ಆ 38 ಸಂಸ್ಥೆಗಳಿಗೂ ಒಂದೊಂದಾಗಿ ಫೋನ್ ಮಾಡಿ, ಎತ್ತಿಕೊಂಡವರು ಮೊದಲು ಏನೆನ್ನುತ್ತಾರೆಂದು ಕಿವಿಗೊಟ್ಟು ಕೇಳಿದೆ. ‘ದಿ’ ಸೇರಿಸಿ ಸಂಸ್ಥೆಯ ಹೆಸರು ಹೇಳಿದವರು ಮೂವರೇ. ಆ ಮೂರು ಹೆಸರುಗಳನ್ನೂ ಮುಂದಿನ ಪದದ ಅಕ್ಷರಕ್ಕೇ ಸೇರಿಸಿದೆ, ಆದರೆ ‘ಟಿ’ ವಿಭಾಗದಲ್ಲಿ ಅವಕ್ಕೆ ಒಂದೊಂದು ಸಾಲು ಉಳಿಸಿ, ಯಾವ ಪುಟ ನೋಡಬೇಕೆಂದು ಬರೆದೆ.